ಮೇಸ್ತ್ರಿ ಕೂರಿಸಿದ ಸೀಟು

ಸೀಟಿನ ಮೇಲಿಟ್ಟ ರಸಮಟ್ಟದ ಗುಳ್ಳೆ ನಡುವಿಗೆ ಬರಲೇ ಇಲ್ಲ. ಮೇಸ್ತ್ರಿ ಸೀಟಿನ ಮೂತಿಯನ್ನು ಅಂಗೈಯಿಂದ ಕೆಳಕ್ಕೆ ಅಮುಕಿದ. ಗುಳ್ಳೆ ಒಂದಿಷ್ಟು ಹಿಂದೆ ಸರಿದು ಆಸೆ ಹುಟ್ಟಿಸಿತು. ಕೈ ತೆಗೆದ ಕೂಡಲೇ ಮುಂದಕ್ಕೆ ಓಡಿ ಗಾಜಿನ ತುದಿಯಲ್ಲಿ ಅಂಟಿಕೊಂಡಿತು. ಮತ್ತೆ ಅಮುಕಿದ. ಮತ್ತೆ ಓಡಿತು.

"ಇದು ಸೀಟಲ್ಲ, ಜಾರುಬಂಡೆ!" ಎಂದು ಅವನು ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದ.

ಅಂಗಳದಲ್ಲಿ ಅವನನ್ನು ಬಿಟ್ಟರೆ ಒಗೆದು ಹರವಿದ ಬಟ್ಟೆಗಳು ಮಾತ್ರ ಇದ್ದವು. ಆದರೆ ಸುತ್ತಲಿನ ಮನೆಗಳ ಕಿಟಕಿಗಳೆಲ್ಲ ಅಂಗಳದ ಕಡೆಗೇ ತೆರೆದುಕೊಳ್ಳುತ್ತಿದ್ದವು. ಕೆಲಸ ಮಾಡುವಾಗ ನೋಡುವವರಿದ್ದಾರೆ ಎಂಬ ನಂಬಿಕೆ ಇಲ್ಲದಿದ್ದರೆ ಮೇಸ್ತ್ರಿಗೆ ಕೈ ಓಡುತ್ತಿರಲಿಲ್ಲ.

ಅವನು ಟೈಲ್ಸ್ ಹಾಕುವ ಮೇಸ್ತ್ರಿ. ಅವನ ಪಾಲಿಗೆ ಜಗತ್ತಿನಲ್ಲಿ ಎರಡೇ ಬಗೆಯ ಜಾಗಗಳಿದ್ದವು: ತಾನು ಮಟ್ಟ ಮಾಡಿದವು, ಇನ್ನು ಮಾಡಬೇಕಾದವು. ಹೊಟ್ಟೆನೋವೆಂದು ಆಸ್ಪತ್ರೆ ಸೇರಿದ್ದಾಗ, ಮೊದಲು ಮಂಚದ ಒಂದು ಕಾಲಿನಡಿ ರಟ್ಟು ಮಡಚಿ ಇಡಿಸಿ, ಆಮೇಲೆ ಸೂಜಿ ಚುಚ್ಚಲು ಕೈ ಕೊಟ್ಟವನು. ಈಗ ಅವನೆದುರು ತಂಗಿಯ ಮಗಳ ಬಿಎಂಎಕ್ಸ್ ಬೈಕು ನಿಂತಿತ್ತು. ಗಿಡ್ಡ ಬೈಕು, ದಪ್ಪ ಟೈರು, ಅಗಲ ಹ್ಯಾಂಡಲ್ಲು. ಸೀಟಂತೂ ಹಿಂದಿನ ಚಕ್ರವನ್ನು ಮುಟ್ಟಿಯೇಬಿಡುತ್ತೇನೆ ಎನ್ನುವಷ್ಟು ಕೆಳಗೆ, ಮೂತಿ ಮೇಲೆತ್ತಿಕೊಂಡು, ಬೈಸಿಕೊಂಡ ನಾಯಿಮರಿಯ ಹಾಗೆ ಕೂತಿತ್ತು.

ಆ ಮಗಳನ್ನು ಬೀದಿಯವರೆಲ್ಲ ಮಿಡತೆ ಎನ್ನುತ್ತಿದ್ದರು. ನೆಲದ ಮೇಲೆ ನಿಂತದ್ದಕ್ಕಿಂತ ಗಾಳಿಯಲ್ಲಿ ಇದ್ದದ್ದೇ ಹೆಚ್ಚು. ಮರುದಿನ ಅವಳಿಗೆ ಓಟವಿತ್ತು. ಗೆದ್ದವರು ಊರಿನ ಕ್ಲಬ್ಬಿನ ತಂಡಕ್ಕೆ ಸೇರುವ ಓಟ. ಆದರೆ ಓಟಕ್ಕೆ ಮುಂಚೆ ತಪಾಸಣೆ. ಹೋದ ವಾರದ ಅಭ್ಯಾಸದ ದಿನ ತಪಾಸಣೆಯ ಸಾಹೇಬರು ಸೀಟಿಗೆ ಬೆರಳು ತಾಗಿಸಿದ್ದೇ ತಡ, ಅದು ಗಾಳಿಯ ದಿಕ್ಕು ತೋರಿಸುವ ಗಾಳಿಕೋಳಿಯ ಹಾಗೆ ಸುತ್ತು ಹೊಡೆದಿತ್ತು. "ಸೀಟು ಭದ್ರ ಮಾಡಿಸಿಕೊಂಡು ಬಾ, ಇಲ್ಲದಿದ್ದರೆ ಗೇಟಿನ ಹತ್ತಿರವೂ ಬಿಡಲ್ಲ" ಎಂದು ಅವರು ಶಿಳ್ಳೆ ಊದಿ ಕಳಿಸಿದ್ದರು.

ಬೈಕೇನೂ ಸ್ವಂತದ್ದಲ್ಲ. ಮಿಡತೆಯ ಅಮ್ಮ, ಅಂದರೆ ಮೇಸ್ತ್ರಿಯ ತಂಗಿ, ಬಸ್ಸಿನಲ್ಲಿ ಕಂಡಕ್ಟರು. ಅವಳ ಬಸ್ಸಿನ ಡ್ರೈವರು, ಮಗ ಎತ್ತರಕ್ಕೆ ಬೆಳೆದುಬಿಟ್ಟ ಎಂದು ಬೈಕನ್ನು ಇವರಿಗೆ ಕೊಟ್ಟಿದ್ದ. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಕಂಡಕ್ಟರು ತೀರ್ಪು ಹೇಳಿಯೇ ಹೊರಟಿದ್ದಳು.

"ನಾಳೆಯೂ ವಾಪಸ್ ಕಳಿಸಿದರೆ ಬೈಕು ಡ್ರೈವರಣ್ಣನ ಮನೆಗೆ. ಓಡದ ಗಾಡಿಗೆ ನನ್ನ ಅಂಗಳದಲ್ಲಿ ಸ್ಟ್ಯಾಂಡಿಲ್ಲ. ಸೈಕಲ್ ಅಂಗಡಿಗೆ ಕೊಟ್ಟು ಬಿಗಿ ಮಾಡಿಸ್ಕೊಂಡು ಬರ್ತೀನಿ ಅಂದ್ರೆ, ಅಣ್ಣ, ನೀನು ಬಿಡ್ತಾ ಇಲ್ಲ."

"ಅಣ್ಣ ಅನ್ನೋನು ಬದುಕಿರುವಾಗ ಒಂದು ಸೀಟು ಬಿಗಿ ಮಾಡೋಕೆ ಅಂಗಡಿಗೆ ಹೋಗ್ತೀಯಾ? ನಾನು ಕೂರಿಸಿದ ಟೈಲ್ಸು ಯಾವತ್ತಾದ್ರೂ ಎದ್ದಿದ್ದುಂಟಾ?"

"ಟೈಲ್ಸ್ ಮೇಲೆ ಯಾರೂ ಹಾರಲ್ಲ, ಅಣ್ಣ."

ಸ್ಕೂಲಿಗೆ ಹೊರಟಿದ್ದ ಮಿಡತೆ ಗೇಟಿನಿಂದ ವಾಪಸ್ ಓಡಿಬಂದು ಬೆರಳೆತ್ತಿ ಹೇಳಿದ್ದಳು: "ಮಾವ, ಬಿಗಿ ಮಾಡು, ಅಷ್ಟೇ. ಎತ್ತರ ಮುಟ್ಟಬೇಡ. ಮೂತಿ ಮುಟ್ಟಬೇಡ."

"ಆಯ್ತು ತಾಯಿ."

ಆಯ್ತು ಎಂದದ್ದು ನಿಜ. ಆದರೆ ಮೇಸ್ತ್ರಿಗೆ ಗಿರಾಕಿಗಳ ಸ್ವಭಾವ ಗೊತ್ತಿಲ್ಲವೇ? ಒಡೆದ ಟೈಲ್ಸ್ ಒಂದನ್ನು ಬದಲಾಯಿಸಿ ಎಂದು ಕರೆಯುತ್ತಾರೆ. ಹೋಗಿ ಎತ್ತಿ ನೋಡಿದರೆ ಇಡೀ ಬಚ್ಚಲೇ ಕುಸಿದಿರುತ್ತದೆ. ಗಿರಾಕಿ ಕೇಳಿದ್ದನ್ನಷ್ಟೇ ಮಾಡಿ ಬರುವವನು ಕೂಲಿ. ಕೇಳದಿದ್ದನ್ನೂ ಮಾಡಿ ಬರುವವನು ಮೇಸ್ತ್ರಿ.

"ಏನು ಮೇಸ್ತ್ರಿ, ಬೆಳಿಗ್ಗೆ ಬೆಳಿಗ್ಗೆ ಸೈಕಲ್ಲಿಗೆ ಜ್ವರ ನೋಡ್ತಾ ಇದೀರಾ?"

ಮಹಡಿಯ ಕಂಬಿಯ ಮೇಲೆ ಚಹಾ ಲೋಟ ಇಟ್ಟುಕೊಂಡು ಹಲ್ಲಿನ ಡಾಕ್ಟರಮ್ಮ ಬಗ್ಗಿ ನೋಡುತ್ತಿದ್ದರು. ಅವತ್ತು ಅವರ ಕ್ಲಿನಿಕ್ಕಿಗೆ ರಜೆ. ರಜೆಯ ದಿನ ಡಾಕ್ಟರಮ್ಮನಿಗೆ ಕೈ ಕಟ್ಟಿಹಾಕಿದಂತಾಗುತ್ತಿತ್ತು. ಯಾರಾದರೂ ಜೋರಾಗಿ ನಕ್ಕರೂ ಸಾಕು, ಬಾಯೊಳಗೆ ಇಣುಕುತ್ತಿದ್ದರು.

"ನೋಡಿ ಡಾಕ್ಟರಮ್ಮ, ಮೂತಿ ಹೇಗೆ ಮೇಲಕ್ಕೆ ಎದ್ದಿದೆ! ಕೂತ ಮಗು ಹಿಂದಕ್ಕೆ ಜಾರಿ ಬೀಳಲ್ವಾ?"

"ಓರೆ ಬೆಳೆದಿದೆ," ಎಂದು ಡಾಕ್ಟರಮ್ಮ ಗಂಭೀರವಾಗಿ ಒಪ್ಪಿದರು. "ಚಿಕ್ಕ ವಯಸ್ಸಲ್ಲೇ ಸರಿ ಮಾಡಿದರೆ ಒಳ್ಳೇದು."

ಓದಿದವರೇ ಹೇಳಿದ ಮೇಲೆ ಮೇಸ್ತ್ರಿಗೆ ಇನ್ನೇನು ಬೇಕು? ಸೀಟಿನ ಹೊಟ್ಟೆಯಡಿ ಒಂದು ಕ್ಲಾಂಪು ಇತ್ತು. ಅದು ನೆಟ್ಟಗಿನ ಪೈಪಿನ ತುದಿಯನ್ನು ಕಚ್ಚಿ ಹಿಡಿದಿತ್ತು. ಅದರ ನಟ್ಟು ಸಡಿಲಿಸಿ, ಮೂತಿ ತಗ್ಗಿಸಿ, ಮತ್ತೆ ಬಿಗಿದ. ಗುಳ್ಳೆ ನಡುವಿಗೆ ಬಂದು ಸಾಧುವಿನ ಹಾಗೆ ನಿಂತಿತು. ಒಂದು ಕೆಲಸ ಮುಗಿಯಿತು. ಇನ್ನು ಎತ್ತರ. ಸೀಟಿನ ಪೈಪು ಇಳಿಯುವ ಬೈಕಿನ ಕತ್ತಿನ ಬೋಲ್ಟು ಬಿಚ್ಚಿ ಪೈಪನ್ನು ಮೇಲಕ್ಕೆಳೆದ. ಪೈಪಿನ ಜೊತೆಗೆ ಯಾವುದೋ ಡಬ್ಬಿಯಿಂದ ಕತ್ತರಿಸಿ ಸುತ್ತಿದ್ದ ತಗಡಿನ ಚೂರೊಂದು ಹೊರಬಂದು ಕಾಲ ಮೇಲೆ ಬಿತ್ತು.

"ಇದೇ ನೋಡಿ ರೋಗ! ಒಳಗೆ ಇಷ್ಟು ಕಸ ಸೇರಿಕೊಂಡಿದ್ದರೆ ಸೀಟು ಅಲುಗಾಡದೆ ಇರುತ್ತಾ?" ಎಂದು ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಎಸೆದ.

ಪೈಪು ಬೈಕಿನ ತೂತಿಗಿಂತ ಒಂಚೂರು ಸಣ್ಣದು ಎಂದು ಡ್ರೈವರಣ್ಣ ಜಾಣತನದಿಂದ ಸುತ್ತಿದ್ದ ತಗಡು ಅದು. ಇಷ್ಟು ದಿನ ಸೀಟನ್ನು ಅಷ್ಟಿಷ್ಟಾದರೂ ಹಿಡಿದಿಟ್ಟಿದ್ದೇ ಅದು. ಈಗ ಪೈಪನ್ನು ಮತ್ತೆ ಇಳಿಸಿದಾಗ ಅದು ಬಾವಿಗೆ ಬಿದ್ದ ಕೊಡದ ಹಾಗೆ ಸರ್ರನೆ ಇಳಿದು ತಳದಲ್ಲಿ ಟಣ್ ಎಂದಿತು. ಮೇಸ್ತ್ರಿ ಬೋಲ್ಟು ಬಿಗಿದ. ಇನ್ನಷ್ಟು ಬಿಗಿದ. ನಾಲಿಗೆ ಹೊರಗೆ ಹಾಕಿ ಬಿಗಿದ. ಕತ್ತಿನ ಎರಡು ತುಟಿಗಳು ಒಂದಕ್ಕೊಂದು ಮುತ್ತಿಟ್ಟವೇ ಹೊರತು ಪೈಪನ್ನು ಹಿಡಿಯಲಿಲ್ಲ.

ಮೇಸ್ತ್ರಿ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ. ಪೈಪಿನ ಸುತ್ತ ಕೂದಲೆಳೆಯಷ್ಟು ಸಂದು!

ಅವನ ಮುಖ ಅರಳಿತು. ಸಂದು! ಇಷ್ಟು ಹೊತ್ತು ಅವನು ಪರದೇಶದಲ್ಲಿ ದಾರಿ ತಪ್ಪಿದವನಂತಿದ್ದ. ಈಗ ತಾಯ್ನಾಡಿನ ಮಣ್ಣು ಕಾಲಿಗೆ ಸಿಕ್ಕಿತು. ಸಂದು ಕಂಡರೆ ತುಂಬು. ಟೈಲ್ಸ್ ಕೆಲಸದ ಮೊದಲ ಪಾಠ ಅದು, ಕೊನೆಯ ಪಾಠವೂ ಅದೇ.

ಚೀಲದಿಂದ ಎರಡು ಡಬ್ಬಿ ತೆಗೆದ. ಈಜುಕೊಳದ ಟೈಲ್ಸ್ ಕೂರಿಸುವ ಅಂಟು. ಇದರದ್ದೊಂದು ಪಾಲು ಅದರದ್ದೊಂದು ಪಾಲು ಕಲಸಿದರೆ ಮಧ್ಯಾಹ್ನದೊಳಗೆ ಕಲ್ಲಾಗಿಬಿಡುವ ಜಾತಿ.

"ತಡೀರಿ, ತಡೀರಿ!" ಡಾಕ್ಟರಮ್ಮ ಚಹಾ ಬಿಟ್ಟು ಮೆಟ್ಟಿಲು ಇಳಿದು ಬಂದರು. "ಒಳಗೆ ತೇವ ಇದ್ದರೆ ಹಿಡಿಯಲ್ಲ. ಮೊದಲು ಒಣಗಿಸಬೇಕು. ಹತ್ತಿ ಇದೆ ನನ್ನ ಹತ್ತಿರ."

ಎರಡು ವೃತ್ತಿಗಳು ಒಂದೇ ತೂತಿನ ಮೇಲೆ ಬಾಗಿದವು. ಒಬ್ಬರು ಹತ್ತಿಯಿಂದ ಒರೆಸಿದರು, ಇನ್ನೊಬ್ಬ ಕರಣೆಯ ತುದಿಯಿಂದ ಅಂಟು ತುಂಬಿದ. ಇಷ್ಟು ಶ್ರದ್ಧೆಯಿಂದ ಇಷ್ಟು ದೊಡ್ಡ ತಪ್ಪು ಆ ಅಂಗಳದಲ್ಲಿ ಹಿಂದೆಂದೂ ನಡೆದಿರಲಿಲ್ಲ.

"ಎಲ್ಲಿವರೆಗೆ ಎತ್ತಬೇಕು?" ಎಂದರು ಡಾಕ್ಟರಮ್ಮ.

"ಕಂಪನಿಯವರೇ ಗೆರೆ ಹಾಕಿ ಕೊಟ್ಟಿದ್ದಾರಲ್ಲ!"

ಪೈಪಿನ ಮೇಲೆ ಸಣ್ಣದೊಂದು ಗೆರೆ ಕೊರೆದಿತ್ತು. ಇದಕ್ಕಿಂತ ಮೇಲೆ ಎಳೆದರೆ ಅಪಾಯ ಎಂದು ಸೈಕಲ್ಲಿನವರು ಹಾಕುವ ಗೆರೆ. ಆದರೆ ಮೇಸ್ತ್ರಿಯ ಕಸುಬಿನಲ್ಲಿ ಗೆರೆಗೆ ಒಂದೇ ಅರ್ಥ. ದಾರ ಕಟ್ಟಿ ಗೆರೆ ಹೊಡೆದರೆ ಕೆಲಸ ಅಲ್ಲಿಗೆ ಬರಬೇಕು. ಒಂದು ಕೂದಲು ಕೆಳಗಿದ್ದರೂ ಮಾಲೀಕ ಬೈಯುತ್ತಾನೆ. ಮೇಸ್ತ್ರಿ ಪೈಪನ್ನು ಸರಿಯಾಗಿ ಗೆರೆಯವರೆಗೆ ಎತ್ತಿ, ಅಂಟಿನ ಅಂಚನ್ನು ಬೆರಳಿನಿಂದ ಸವರಿ ನುಣುಪು ಮಾಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಗಿಡ್ಡ ಬೈಕಿನ ಮೇಲೆ ಸೀಟು ಕೊಕ್ಕರೆಯ ತಲೆಯ ಹಾಗೆ ಎದ್ದು ನಿಂತಿತ್ತು.

"ಈಗ ಬೈಕಿಗೆ ಒಂದು ಗೌರವ ಬಂತು," ಎಂದ.

ಮಿಡತೆ ಸ್ಕೂಲಿನಿಂದ ಬಂದಾಗ ಅಂಟು ಕಲ್ಲಾಗಿತ್ತು. ಅವಳು ಕೂಗಲಿಲ್ಲ, ಅಳಲಿಲ್ಲ. ಬ್ಯಾಗು ಇಳಿಸದೆ ಬೈಕಿನ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಪಕ್ಕದಲ್ಲಿ ನಿಂತಳು. ಸೀಟು ಅವಳ ಪಕ್ಕೆಲುಬಿಗೆ ಬಂತು.

"ಮಾವ, ಇದರ ಮೇಲೆ ಯಾರು ಕೂರೋದು?"

"ನೀನೇ ತಾಯಿ! ಮಹಾರಾಣಿ ಥರ!"

"ಓಟದಲ್ಲಿ ನಾವು ನಿಂತೇ ಓಡಿಸೋದು ಮಾವ. ಉಬ್ಬು ಬಂದಾಗ ಬೈಕು ಮೇಲಕ್ಕೆದ್ದು ಬರುತ್ತೆ. ಸೀಟು ಕೆಳಗಿಲ್ಲದಿದ್ರೆ ಹೊಟ್ಟೆಗೆ ಗುದ್ದಿ ಆಚೆ ಎಸೆಯುತ್ತೆ."

"ನಿಂತೇ ಓಡಿಸೋದಂತೆ! ನಿಂತೇ ಓಡಿಸೋದಾಗಿದ್ರೆ ಕಂಪನಿಯವರು ಸೀಟು ಯಾಕೆ ಕೊಡ್ತಿದ್ರು?" ಮೇಸ್ತ್ರಿ ಡಾಕ್ಟರಮ್ಮನ ಕಡೆ ನೋಡಿ ನಕ್ಕ. ಡಾಕ್ಟರಮ್ಮ ನಗಲಿಲ್ಲ. ಮಗುವಿನ ಮುಖ ನೋಡುತ್ತಿದ್ದರು. ನೋವು ಎಲ್ಲಿದೆ ಎಂದು ಮುಖ ನೋಡಿ ಗುರುತಿಸುವುದು ಅವರ ಹೊಟ್ಟೆಪಾಡು.

"ಇಳಿಸು ಮಾವ."

"ಇಳಿಸೋದಾ?"

"ಹಳೇ ಎತ್ತರಕ್ಕೆ ಇಳಿಸು."

ಮೇಸ್ತ್ರಿ ಅಂಟಿನ ಅಂಚನ್ನು ಉಗುರಿನಿಂದ ಕೆರೆದು ನೋಡಿದ. "ಅದು... ಈಜುಕೊಳದ ಅಂಟು, ತಾಯಿ. ಆ ಅಂಟು ಹಾಕಿದ್ದನ್ನ ತೆಗೆಯೋದು ಅಂತ ಇರಲ್ಲ. ಕೊಳವನ್ನೇ ಒಡೀಬೇಕು."

ಅಷ್ಟು ಹೊತ್ತಿಗೆ ಗೇಟು ಕಿರುಗುಟ್ಟಿ ಕಂಡಕ್ಟರು ಒಳಗೆ ಬಂದಳು. ಇಡೀ ದಿನ ಬಸ್ಸಿನಲ್ಲಿ ನಿಂತ ಕಾಲುಗಳನ್ನು ಎಳೆಯುತ್ತ ಬಂದವಳು ಬೈಕನ್ನು ನೋಡಿ ನಿಂತಳು. ಮಗಳನ್ನು ನೋಡಿದಳು. ಅಣ್ಣನ ಬೆರಳಿಗೆ ಅಂಟಿದ್ದ ಬೂದು ಬಣ್ಣ ನೋಡಿದಳು. ಡಾಕ್ಟರಮ್ಮನ ಬೆರಳಿಗೂ ಅದೇ ಬಣ್ಣ ಅಂಟಿತ್ತು.

"ನನ್ನ ಸರ್ವೀಸಲ್ಲಿ ಸೀಟಿಗೋಸ್ಕರ ಜಗಳ ಆಡೋರನ್ನ ದಿನಾ ನೋಡಿದ್ದೀನಿ," ಎಂದಳು. "ಸೀಟಿನ ಜೊತೆಗೇ ಜಗಳ ಆಡಿದವನನ್ನ ಇವತ್ತೇ ನೋಡಿದ್ದು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡೆಯಲ್ಲೋ ಅಣ್ಣ! ಡಾಕ್ಟರಮ್ಮ, ನೀವಾದ್ರೂ ಓದಿದೋರು..."

"ನಾನು ಬರೀ ಹತ್ತಿ ಕೊಟ್ಟೆ," ಎಂದರು ಡಾಕ್ಟರಮ್ಮ. ಆಮೇಲೆ ತೋಳು ಮೇಲಕ್ಕೆ ಮಡಚಿದರು. "ಕೀಳೋಣ. ಕೀಳೋದು ನನಗೆ ಹೊಸದೇನಲ್ಲ. ಮೊದಲು ಅಲ್ಲಾಡಿಸಬೇಕು, ಆಮೇಲೆ ತಿರುಗಿಸಬೇಕು, ಆಮೇಲೆ ಎಳೀಬೇಕು. ಯಾರೂ ಅವಸರ ಮಾಡಬೇಡಿ."

ಬೈಕನ್ನು ನೆಲಕ್ಕೆ ಮಲಗಿಸಿದರು. ಕಂಡಕ್ಟರು ಹ್ಯಾಂಡಲ್ಲಿನ ಮೇಲೆ ಕೂತಳು, ಮಿಡತೆ ಹಿಂದಿನ ಚಕ್ರ ತಬ್ಬಿಕೊಂಡಳು, ಮೇಸ್ತ್ರಿ ಸೀಟು ಹಿಡಿದ, ಡಾಕ್ಟರಮ್ಮ ಮೇಸ್ತ್ರಿಯ ಸೊಂಟ ಹಿಡಿದರು. ಕಿಟಕಿಗಳಲ್ಲಿ ತಲೆಗಳು ಮೂಡಿದವು.

"ಅಲ್ಲಾಡಿಸಿ!"

ಅಲ್ಲಾಡಿಸಿದರು. ಬೈಕು, ಮಿಡತೆ, ಕಂಡಕ್ಟರು ಎಲ್ಲ ಅಲ್ಲಾಡಿದರು. ಸೀಟಿನ ಪೈಪು ಮಾತ್ರ ಅಲ್ಲಾಡಲಿಲ್ಲ.

"ತಿರುಗಿಸಿ!"

ಬೈಕು ತಿರುಗಿ ಕಂಡಕ್ಟರಮ್ಮನ ಮುಖ ಪೂರ್ವದಿಂದ ಪಶ್ಚಿಮಕ್ಕೆ ಹೋಯಿತು. "ಸ್ಟಾಪಲ್ಲಿ ಇಳಿಸ್ರೋ!" ಎಂದು ಅವಳು ಕೂಗಿದಳು.

"ಎಳೀರಿ!"

ಎಳೆದರು. ಪಟ್ ಎಂದಿತು. ಬಂತು, ಬಂತು ಎಂದು ಕಿಟಕಿಗಳು ಕೂಗಿದವು. ಬಂದದ್ದೇನೋ ನಿಜ. ಸೀಟು ತನ್ನ ಕ್ಲಾಂಪಿನ ಸಮೇತ ಪೈಪಿನ ತುದಿಯಿಂದ ಕಳಚಿ ಮೇಸ್ತ್ರಿಯ ಕೈಗೆ ಬಂದಿತ್ತು. ಮೇಸ್ತ್ರಿ ಡಾಕ್ಟರಮ್ಮನನ್ನೂ ಕರೆದುಕೊಂಡು ಒಗೆದ ಬಟ್ಟೆಗಳ ಹಗ್ಗದೊಳಗೆ ಹೋಗಿ, ಯಾರದ್ದೋ ಬೆಡ್‌ಶೀಟು ಹೊದ್ದು ಹೊರಬಂದ. ಬೈಕನ್ನು ಎತ್ತಿ ನಿಲ್ಲಿಸಿದರೆ ಪೈಪು ಅದರಲ್ಲಿ ಹಾಗೇ ನೆಟ್ಟಗೆ, ಬೋಳಾಗಿ, ಯಾರ ಹಂಗೂ ಇಲ್ಲದೆ ನಿಂತಿತ್ತು.

ಕೊನೆಗೆ ಬೀದಿಯ ಸೈಕಲ್ ಅಂಗಡಿಯವನನ್ನೇ ಕರೆಸಿದರು. ಅವನು ಅವತ್ತು ಬೇಗನೆ ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದವನು, ಬೇಡದ ಮನಸ್ಸಿನಿಂದ ಬಂದು ಪೈಪಿಗೆ ಸ್ಪ್ಯಾನರಿನಿಂದ ಒಂದು ಏಟು ಹಾಕಿದ. ಕೈ ಜುಮ್ಮೆಂದಿತೋ ಏನೋ, ಸ್ಪ್ಯಾನರನ್ನು ಜೇಬಿಗಿಳಿಸಿ ಕೈ ಉಜ್ಜಿಕೊಂಡ.

"ಇದು ಸೈಕಲ್ ಕೆಲಸ ಅಲ್ಲಮ್ಮ, ಕಟ್ಟಡದ ಕೆಲಸ. ಯಾರಾದ್ರೂ ಒಳ್ಳೇ ಮೇಸ್ತ್ರಿ ಇದ್ದರೆ ಕರೀರಿ."

ಅಂಗಳದಲ್ಲಿದ್ದವರೂ ಕಿಟಕಿಯಲ್ಲಿದ್ದವರೂ ಒಟ್ಟಿಗೆ ತಿರುಗಿ ಮೇಸ್ತ್ರಿಯನ್ನು ನೋಡಿದರು. ಅಷ್ಟು ಜನ ತನ್ನನ್ನು ಒಟ್ಟಿಗೆ ನೋಡಬೇಕೆಂಬುದು ಅವನ ಬಹುದಿನದ ಆಸೆಯಾಗಿತ್ತು. ಆದರೆ ಅದು ಈ ಥರ ಅಲ್ಲ.

ಕಂಡಕ್ಟರು ಮೊಬೈಲು ತೆಗೆದಳು. "ಡ್ರೈವರಣ್ಣನಿಗೆ ಹೇಳಿಬಿಡ್ತೀನಿ. ನಾಳೆ ಬಂದು ಬೈಕು, ಸೀಟು ಎರಡನ್ನೂ ಬೇರೆ ಬೇರೆಯಾಗಿ ತಗೊಂಡು ಹೋಗಲಿ."

ಮಿಡತೆ ಮೆಟ್ಟಿಲ ಮೇಲೆ ಸೀಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೇಸ್ತ್ರಿ ಏನಾದರೂ ಹೇಳಲು ಬಾಯಿ ತೆರೆದ. ಅದು ತೆರೆದೇ ಉಳಿಯಿತು. ಡಾಕ್ಟರಮ್ಮ ಅಭ್ಯಾಸಬಲದಿಂದ ಅದರೊಳಗೆ ಒಮ್ಮೆ ಇಣುಕಿದರು.

ಇಣುಕಿದವರು ಹಾಗೇ ನಿಂತರು.

"ಮೇಸ್ತ್ರಿ, ನಿಮ್ಮ ಆ ಹಿಂದಿನ ಹಲ್ಲಿಗೆ ನಾನು ಏನು ಮಾಡಿದ್ದೆ?"

"ಆಆ?"

"ಬೇರು ಗಟ್ಟಿ ಇದೆ, ಕೀಳೋದು ಬೇಡ ಅಂತ ಮೇಲಿಂದ ಕೊಯ್ದು, ಮೋಟು ಉಳಿಸಿ, ಅದರ ಮೇಲೆ ಟೋಪಿ ಹಾಕಿಲ್ವಾ? ಇದರ ಬೇರೂ ಗಟ್ಟಿ ಇದೆ. ನಾವ್ಯಾಕೆ ಕೀಳ್ತಾ ಕೂತಿದ್ದೀವಿ?"

ಎಲ್ಲರಿಗಿಂತ ಮೊದಲು ಅರ್ಥವಾಗಿದ್ದು ಮಿಡತೆಗೆ. ಅವಳು ಮೆಟ್ಟಿಲಿಂದ ನೆಗೆದು ಬಂದು ಸೀಟಿನ ಕ್ಲಾಂಪನ್ನು ಸಡಿಲಿಸಿ ಪೈಪಿಗೆ ತೊಡಿಸಿದಳು. ಪೈಪಿನ ತುದಿ ಸೀಟಿನ ಹೊಟ್ಟೆಗೆ ತಾಗುವವರೆಗೂ ಅದು ಬಳೆಯ ಹಾಗೆ ಸಲೀಸಾಗಿ ಇಳಿಯಿತು. "ಪೈಪು ಒಂದೇ ದಪ್ಪ ಇದೆ! ಎಲ್ಲಿ ಕೊಯ್ದರೂ ಸೀಟು ಹಿಡಿಯುತ್ತೆ ಅಮ್ಮ! ಫೋನು ಇಡು!"

ಕಂಡಕ್ಟರು ಫೋನು ಇಟ್ಟಳು. ಆ ಕಡೆ ಡ್ರೈವರಣ್ಣ ಹಲೋ ಹಲೋ ಎನ್ನುತ್ತಲೇ ಇದ್ದ.

ಮೇಸ್ತ್ರಿ ಕಬ್ಬಿಣ ಕೊಯ್ಯುವ ಗರಗಸ ತಂದ. ಆದರೆ ಎಲ್ಲಿ ಕೊಯ್ಯಬೇಕು? ಆ ಪ್ರಶ್ನೆ ಎದ್ದ ಕೂಡಲೇ ಕಿಟಕಿಗಳು ಸಭೆ ಸೇರಿದವು.

"ಸ್ವಲ್ಪ ಉದ್ದ ಬಿಡಿ, ಬೆಳೆಯೋ ಮಗು!" ಎಂದಿತು ಒಂದು ಕಿಟಕಿ.

"ನಮ್ಮ ಮನೇಲಿ ಶೂನೂ ಹಾಗೇ ತರೋದು, ಒಂದು ಸೈಜು ದೊಡ್ಡದು," ಎಂದಿತು ಇನ್ನೊಂದು.

"ಅರ್ಧಕ್ಕೆ ಕೊಯ್ರಿ. ಯಾರ ಮಾತೂ ಮುರಿದ ಹಾಗಾಗಲ್ಲ," ಎಂದಿತು ಬೆಡ್‌ಶೀಟು ಕೊಳೆಯಾಗಿದ್ದ ಮನೆಯ ಕಿಟಕಿ.

"ಸುಮ್ನಿರ್ರಿ ಎಲ್ಲ!" ಎಂದು ಕಂಡಕ್ಟರು ಬಸ್ಸಿನ ದನಿಯಲ್ಲಿ ಗದರಿದಳು. "ಕೊಯ್ದ ಮೇಲೆ ಮತ್ತೆ ಬೆಳೆಸೋಕೆ ಅದೇನು ಕೂದಲಾ? ಅಣ್ಣ, ಈ ಸಲ ತಪ್ಪಿದರೆ ಮುಗೀತು."

ಮೇಸ್ತ್ರಿ ಚೀಲದಿಂದ ಸೀಮೆಸುಣ್ಣ ತೆಗೆದ. ಪೈಪಿನ ಹತ್ತಿರ ಕೈ ಒಯ್ದ. ಅವನ ಕಣ್ಣಿಗೆ ಚೆಂದ ಕಂಡ ಎತ್ತರ ಒಂದಿತ್ತು, ಕೈ ತಾನಾಗೇ ಅಲ್ಲಿಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಅವನು ಸೀಮೆಸುಣ್ಣವನ್ನು ಮಿಡತೆಯ ಮುಂದೆ ಹಿಡಿದ.

"ಗೆರೆ ನೀನು ಹಾಕು."

ಬೇರೆಯವರು ಹಾಕಿದ ಗೆರೆಗೆ ಮೇಸ್ತ್ರಿ ಕೈ ಹಚ್ಚಿದ್ದು ಕೆಲಸ ಕಲಿಯುವ ದಿನಗಳಲ್ಲಿ ಮಾತ್ರ. ಮಿಡತೆ ಪೆಡಲುಗಳ ಮೇಲೆ ನಿಂತಳು. ಮಂಡಿ ಮಡಚಿದಳು, ಹಿಂದಕ್ಕೆ ಬಾಗಿದಳು, ಗಾಳಿಯಲ್ಲಿ ಇಲ್ಲದ ಉಬ್ಬೊಂದನ್ನು ಹಾರಿದಳು. ಇಳಿದು ಬಂದು, ಬೈಕಿನ ಕತ್ತಿನಿಂದ ನಾಲ್ಕು ಬೆರಳು ಮೇಲೆ ಬಿಳಿ ಗೆರೆ ಎಳೆದಳು.

"ಅಷ್ಟು ಕೆಳಗಾ?" ಎಂಬ ಮಾತು ಮೇಸ್ತ್ರಿಯ ತುಟಿಯವರೆಗೆ ಬಂದಿತ್ತು. ಅವನು ಅದನ್ನು ನುಂಗಿ, "ಗೆರೆ ಉಳಿಸಿ ಕೊಯ್ಯಲಾ, ಗೆರೆ ಸಮೇತನಾ?" ಎಂದು ಕೇಳಿದ.

"ಉಳಿಸಿ, ಮಾವ."

ಸಂಜೆಯ ಬಿಸಿಲು ಅಂಗಳದ ಗೋಡೆ ಹತ್ತಿ ಹೋಗುವವರೆಗೆ ಗರಗಸ ಓಡಿತು. ಕಬ್ಬಿಣದ ಪುಡಿ ಮೇಸ್ತ್ರಿಯ ಮೀಸೆಗೆ ಕೂತಿತು. ಪೈಪಿನ ಮೇಲ್ತುಂಡು ನೆಲಕ್ಕೆ ಬಿದ್ದಾಗ ಡಾಕ್ಟರಮ್ಮ ಮೋಟಿನ ಅಂಚನ್ನು ಉಜ್ಜಿ ನಯ ಮಾಡಿ, ಮಿಡತೆಗೆ ಸೀಟು ಕೊಟ್ಟು, "ಕಚ್ಚು ನೋಡು," ಎಂದರು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಹಾಕಿ ನೋಡು," ಎಂದರು.

ಮಿಡತೆ ಸೀಟು ತೊಡಿಸಿದಳು, ಮೂತಿಯನ್ನು ಬೇಕಾದಷ್ಟು ಮೇಲೆತ್ತಿದಳು, ನಟ್ಟು ಬಿಗಿದಳು. ಆ ಮೂತಿ ಎದ್ದದ್ದನ್ನು ನೋಡಲಾರದೆ ಮೇಸ್ತ್ರಿ ಗೋಡೆಯ ಕಡೆ ತಿರುಗಿ ನಿಂತಿದ್ದ.

ಮರುದಿನ ಓಟದ ಮೈದಾನವನ್ನು ನೋಡಿ ಮೇಸ್ತ್ರಿ ಹಣೆ ಚಚ್ಚಿಕೊಂಡ. ಗೇಟಿನಿಂದ ಕೊನೆಯವರೆಗೆ ದಿಣ್ಣೆ, ಹಳ್ಳ, ದಿಣ್ಣೆ, ಹಳ್ಳ. ಒಂದು ಟೈಲ್ಸಿನಷ್ಟು ಜಾಗವೂ ಮಟ್ಟವಾಗಿರಲಿಲ್ಲ.

"ಯಾವ ಕಂಟ್ರಾಕ್ಟರು ಇದು?" ಎಂದು ಪಕ್ಕದಲ್ಲಿದ್ದವರನ್ನು ಕೇಳಿದ. "ಬೇಕಂತಲೇ ಹೀಗೆ ಮಾಡಿರೋದು," ಎಂದರು ಅವರು. ಮೇಸ್ತ್ರಿ ಅವರಿಂದ ಸ್ವಲ್ಪ ದೂರ ಸರಿದು ನಿಂತ.

ತಪಾಸಣೆಯ ಸಾಹೇಬರು ಕಡ್ಡಿಯಂಥ ಮನುಷ್ಯ. ಕುತ್ತಿಗೆಯಲ್ಲಿ ಶಿಳ್ಳೆ. ಮಿಡತೆಯನ್ನು ನೋಡಿ, "ಓ, ಗಾಳಿಕೋಳಿ ಬಂತಾ?" ಎಂದರು. ಸೀಟಿಗೆ ಒಂದು ಬೆರಳು ತಾಗಿಸಿದರು. ಏನೂ ಆಗಲಿಲ್ಲ. ಒಂದು ಕೈ ಹಾಕಿದರು. ಎರಡು ಕೈ ಹಾಕಿದರು. ಸೀಟು ಹಿಡಿದು ಎಡಕ್ಕೆ ತಿರುಗಿಸಹೋದಾಗ ಸೀಟು ಹಾಗೇ ಇದ್ದು ಸಾಹೇಬರೇ ಬಲಕ್ಕೆ ತಿರುಗಿದರು. ಸೀಟು ಹಿಡಿದೇ ಬೈಕನ್ನು ನೆಲದಿಂದ ಎತ್ತಿ ಕುಲುಕಿದರು. ಚೈನು ಗಲಗಲ ಎಂದಿತು, ಸಾಹೇಬರ ಟೋಪಿ ಬಿತ್ತು, ಸೀಟು ಮಾತ್ರ ಬಂಡೆ.

"ಯಾವ ಕ್ಲಾಂಪು ಹಾಕಿದ್ದೀರಿ ಒಳಗೆ?" ಎಂದು ಏದುಸಿರು ಬಿಡುತ್ತ ಕೇಳಿದರು.

"ಈಜುಕೊಳದ್ದು," ಎಂದ ಮೇಸ್ತ್ರಿ ವಿನಯದಿಂದ.

"ಏನು?"

"ಬೇರಿನಿಂದಲೇ ಕಟ್ಟಿದ್ದು," ಎಂದರು ಡಾಕ್ಟರಮ್ಮ.

ಸಾಹೇಬರು ಬಗ್ಗಿ ನೋಡಿದರು. ಮೂಸಿ ನೋಡಿದರು. "ಹಾಗಾದರೆ ಎತ್ತರ ಹೊಂದಿಸೋದು ಹೇಗೆ?"

"ಹೊಂದಿಸೋ ಹಾಗಿಲ್ಲ ಸರ್," ಎಂದಳು ಮಿಡತೆ. "ಇದೇ ನನ್ನ ಎತ್ತರ."

"ನೀನು ಬೆಳೆದರೆ?"

"ಬೆಳೆದಾಗ ನೋಡ್ಕೋತೀವಿ," ಎಂದಳು ಕಂಡಕ್ಟರು. "ಬೇಗ ಬಿಡಿ ಸಾರ್, ಹಿಂದೆ ಜನ ನಿಂತಿದ್ದಾರೆ."

ಸಾಹೇಬರು ಆಕಾಶ ನೋಡುತ್ತ ನಿಯಮಗಳನ್ನು ನೆನಪಿಸಿಕೊಂಡರು. ಸೀಟು ಇರಬೇಕು ಎಂದಿತ್ತು. ಇತ್ತು. ಅಲುಗಾಡಬಾರದು ಎಂದಿತ್ತು. ಅಲುಗಾಡಲಿಲ್ಲ. ಭೂಕಂಪಕ್ಕೂ ಅಲುಗಾಡದಷ್ಟು ಭದ್ರವಾಗಿದ್ದರೆ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ. ಅವರು ನಿಟ್ಟುಸಿರು ಬಿಟ್ಟು ಬೈಕಿಗೆ ಹಸಿರು ಸ್ಟಿಕರು ಅಂಟಿಸಿದರು. ಕಂಡಕ್ಟರು ಮಗಳ ಬೆನ್ನು ತಟ್ಟಿ, "ರೈಟ್!" ಎಂದಳು.

ಓಟ ಶುರುವಾಗುವಲ್ಲಿ ಅಡ್ಡ ನಿಲ್ಲಿಸಿದ್ದ ಗೇಟು ದಡ್ಡನೆ ಬಿದ್ದು ಮಕ್ಕಳೆಲ್ಲ ಇಳಿಜಾರಿನಲ್ಲಿ ಬಾಣದ ಹಾಗೆ ನುಗ್ಗಿದರು. ಮೇಸ್ತ್ರಿ ಬೇಲಿಗೆ ಆತುಕೊಂಡು ಕಣ್ಣರಳಿಸಿದ. ಮಿಡತೆ ಪೆಡಲಿನ ಮೇಲೆ ನಿಂತಿದ್ದಳು.

"ಕೂತ್ಕೋ!" ಎಂದು ಅವನು ಕಿರುಚಿದ. "ಕೂತ್ಕೋ ತಾಯಿ! ಸೀಟು ಗಟ್ಟಿ ಇದೆ, ಹೆದರಬೇಡ!"

ಅವಳು ಮೊದಲ ದಿಣ್ಣೆ ಹಾರಿದಳು. ನಿಂತೇ ಇದ್ದಳು. ಮೇಸ್ತ್ರಿ ಅಕ್ಕಪಕ್ಕದ ಬೈಕುಗಳನ್ನು ನೋಡಿದ. ಯಾರೊಬ್ಬರೂ ಕೂತಿರಲಿಲ್ಲ.

"ಏನಿದು? ಎಲ್ಲರ ಸೀಟೂ ಕೆಟ್ಟಿದೆಯಾ?"

"ಅದು ಕೂರೋ ಸೀಟಲ್ಲ ಅಂತ ಅವಳು ನಿನ್ನೆಯೇ ಹೇಳಿದಳಂತಲ್ಲ, ಅಣ್ಣ."

"ಮತ್ತೆ ಯಾತಕ್ಕೆ ಇರೋದು?"

"ಬುದ್ಧಿಹಲ್ಲು ಯಾತಕ್ಕಿದೆ, ಮೇಸ್ತ್ರಿ?" ಎಂದರು ಡಾಕ್ಟರಮ್ಮ. "ಇರುತ್ತೆ ಅಷ್ಟೇ."

ಆ ಹೊತ್ತಿಗೆ ಮೂಲೆ ತಿರುಗುವಲ್ಲಿ ಮುಂದಿನ ಹುಡುಗನ ಚಕ್ರ ಅಡ್ಡ ಬಂತು. ಮಿಡತೆ ತಪ್ಪಿಸಿಕೊಳ್ಳಲು ಹ್ಯಾಂಡಲ್ ಎಳೆದು ಹಾರಿದಳು. ಓರೆಯಾಗಿ ಹಾರಿದಳು. ಒಂದು ಕಾಲು ಪೆಡಲಿನಿಂದ ಕಳಚಿತು. ಕಂಡಕ್ಟರು ಕಣ್ಣು ಮುಚ್ಚಿಕೊಂಡಳು. ಬೈಕು ದಿಣ್ಣೆಯ ಆಚೆ ಬಿದ್ದಾಗ ಮಿಡತೆಯ ಮೈಭಾರವೆಲ್ಲ ದೊಪ್ಪೆಂದು ಸೀಟಿನ ಮೇಲೆ ಬಂತು. ಸೀಟು ತಿರುಗಲಿಲ್ಲ, ಜಾರಲಿಲ್ಲ, ಕದಲಲಿಲ್ಲ. ಅವಳು ಅದರ ಮೇಲೆ ಒಮ್ಮೆ ಕುಪ್ಪಳಿಸಿ, ಕಾಲು ಪೆಡಲಿಗೆ ಸೇರಿಸಿ, ಮತ್ತೆ ಎದ್ದು ನಿಂತು ತುಳಿದಳು.

"ಕೂತಳು! ನೋಡಿದ್ರಾ? ಕೂತಳು!" ಮೇಸ್ತ್ರಿ ಬೇಲಿಯ ಮೇಲೆ ಅರ್ಧ ಹತ್ತಿ, ದಿಣ್ಣೆ ಬೇಕಂತಲೇ ಮಾಡಿದ್ದು ಎಂದಿದ್ದವರನ್ನೇ ಅಪ್ಪಿಕೊಂಡ. "ನನ್ನ ಸೀಟಿನ ಮೇಲೆ ಕೂತಳು!"

ಕಂಡಕ್ಟರು ಕಣ್ಣು ಬಿಟ್ಟಾಗ ಮಗಳು ಕೊನೆಯ ದಿಣ್ಣೆ ಇಳಿಯುತ್ತಿದ್ದಳು. ಮೊದಲು ಬಂದವರಲ್ಲಿ ಅವಳಿರಲಿಲ್ಲ. ಆದರೆ ಮುಂದಿನ ಸುತ್ತಿಗೆ ಆರಿಸಿದವರಲ್ಲಿ ಕಟ್ಟಕಡೆಯವಳಾಗಿ, ಟೈರಿನ ಅಂಚಿನಷ್ಟು ಅಂತರದಲ್ಲಿ, ಇದ್ದಳು. ಸಾಹೇಬರು ಅವಳ ನಂಬರು ಕೂಗಿದಾಗ ಕಂಡಕ್ಟರು ತನ್ನ ಅಣ್ಣನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಪ್ರೀತಿಯಿಂದ ಕೊಟ್ಟದ್ದೇ ಇರಬೇಕು, ಆದರೆ ಹಿಂದಿನ ದಿನದ ಬಾಕಿಯೂ ಸೇರಿದ್ದರಿಂದ ಸ್ವಲ್ಪ ಜೋರಾಗಿತ್ತು. ಡಾಕ್ಟರಮ್ಮ ಬಾಯಿ ತುಂಬ ನಕ್ಕರು. ಜೀವನದಲ್ಲಿ ಮೊದಲ ಸಲ ಬೇರೆಯವರು ಅವರ ಹಲ್ಲು ನೋಡಿದರು.

ಮಿಡತೆ ಬೈಕು ತಳ್ಳಿಕೊಂಡು ಬಂದಳು. ಮಂಡಿಗೆ ಮಣ್ಣು, ಹಣೆಯಲ್ಲಿ ಬೆವರು, ಉಸಿರು ಬುಸುಬುಸು. ಮೇಸ್ತ್ರಿ ಸುತ್ತಮುತ್ತ ನೋಡಿದ. ತಪಾಸಣೆಯ ಸಾಹೇಬರು ಯಾರಿಗೋ ಶಿಳ್ಳೆ ಹಾಕಲು ಎದ್ದು ಹೋಗಿದ್ದರು. ಅವರ ಪ್ಲಾಸ್ಟಿಕ್ ಕುರ್ಚಿಯನ್ನು ಹೊತ್ತು ತಂದು, ಹೆಗಲ ಟವೆಲಿನಿಂದ ಎರಡು ಸಲ ಒರೆಸಿ, ಸೋದರಸೊಸೆಯ ಹಿಂದೆ ಇಟ್ಟ.

"ಮುಂದಿನ ಓಟಕ್ಕೆ ಇನ್ನೂ ಹೊತ್ತಿದೆಯಂತೆ. ಅಷ್ಟರವರೆಗೆ ಕಾಲಿಗೆ ಆರಾಮಾಗಲಿ. ಕೂತ್ಕೋ ತಾಯಿ."

ಮಿಡತೆ ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕೈ ಹ್ಯಾಂಡಲ್ಲಿನ ಮೇಲಿತ್ತು, ಕಣ್ಣು ಗೇಟಿನ ಮೇಲಿತ್ತು.

"ಕೂರಲ್ಲ."